ಕಣ್ಣು ಮುಚ್ಚಿ ಆರಿಸಿದ ಚಾಕು

ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ನನಗೆ ಹದಿನಾರು ವರ್ಷವಾಯಿತು. ಈಗ ಕೆಲವು ವರ್ಷಗಳಿಂದ ಇಳಕಲ್–ಬಾದಾಮಿ ಗಾಡಿ ನನ್ನದು. ಬೆಳಿಗ್ಗೆ ಇಳಕಲ್ ಬಿಟ್ಟು, ಹುನಗುಂದದಲ್ಲಿ ಕೋರ್ಟು ಕಚೇರಿಯ ಜನವನ್ನು ಇಳಿಸಿ, ಅಮೀನಗಡ, ಗುಳೇದಗುಡ್ಡ ಹಾದು ಬಾದಾಮಿ ಮುಟ್ಟಿದರೆ ಅಲ್ಲಿ ಒಂದೂಕಾಲು ತಾಸು ಬಿಡುವು. ಡ್ರೈವರ್ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗುತ್ತಾನೆ. ನಾನು ನಿಲ್ದಾಣದ ಹಿಂದಿನ ಓಣಿಗೆ ಹೋಗುತ್ತೇನೆ.

ಆ ಓಣಿಯಲ್ಲಿ ಒಬ್ಬ ಮುಸ್ಲಿಂ ಹಿರಿಯರ ಮರಗೆಲಸದ ಅಂಗಡಿಯಿದೆ. ಬಾಗಿಲ ಚೌಕಟ್ಟು, ತೊಟ್ಟಿಲು, ದೇವರ ಮಂಟಪ, ಯಾರ ಮನೆಗೆ ಏನು ಬೇಕೋ ಅದನ್ನು ಅವರು ಕೆತ್ತಿಕೊಡುತ್ತಾರೆ. ಐವತ್ತು ವರ್ಷದಿಂದ ಅದೇ ಜಾಗ, ಅದೇ ಕೆಲಸ. ಅಂಗಡಿಯ ಹಿಂದೆಯೇ ಮನೆ, ಮನೆಯಲ್ಲಿ ಅವರ ಹೆಂಡತಿ. ನಾನು ಅವರನ್ನು ಚಾಚಾ, ಚಾಚಿ ಎಂದು ಕರೆಯುತ್ತೇನೆ. ಮೊದಲ ದಿನ ಬಿಸಿಲಿಗೆ ಸುಸ್ತಾಗಿ ನೀರು ಕೇಳಲು ಹೋದವಳು, ಚಾಚಾ ಉಳಿ ಹಿಡಿದು ಗಿಳಿಯ ರೆಕ್ಕೆ ಬಿಡಿಸುವುದನ್ನು ನೋಡುತ್ತ ನೀರಿನ ತಂಬಿಗೆ ಹಿಡಿದೇ ನಿಂತುಬಿಟ್ಟೆ.

ನಮ್ಮಪ್ಪ ಹುನಗುಂದದ ಕಡೆಯ ಹಳ್ಳಿಯಲ್ಲಿ ಕುರಿ ಕಾಯುತ್ತಿದ್ದ. ನಾವು ಬೀರಪ್ಪನ ಒಕ್ಕಲು. ಕುರಿ ಮೇಯುವಾಗ ಅಪ್ಪ ಗಿಡದ ಬುಡದಲ್ಲಿ ಕೂತು ಕೋಲಿನ ತುದಿಗೆ ಟಗರಿನ ಮುಖ ಕೆತ್ತುತ್ತಿದ್ದ. ನಾನು ಎಷ್ಟು ಕೇಳಿದರೂ ಹೆಣ್ಣುಹುಡುಗಿ ಕೈ ಕೊಯ್ದುಕೊಳ್ಳುತ್ತಾಳೆ ಎಂದು ಚಾಕು ಕೊಡಲಿಲ್ಲ. ನಲವತ್ತೆರಡನೆಯ ವಯಸ್ಸಿನಲ್ಲಿ, ಯೂನಿಫಾರ್ಮ್ ಹಾಕಿಕೊಂಡು, ಟಿಕೆಟ್ ಮಷಿನ್ ತೊಡೆಯ ಮೇಲಿಟ್ಟುಕೊಂಡು, ನನಗೆ ಕಲಿಸುತ್ತೀರಾ ಎಂದು ನಾನು ಚಾಚಾನನ್ನು ಕೇಳಿದೆ. ಅವರು ನಗಲಿಲ್ಲ. ನಿನ್ನ ಹತ್ತಿರ ಚಾಕು ಇದೆಯೇ ಎಂದು ಮಾತ್ರ ಕೇಳಿದರು.

ಇತ್ತು. ಫೋನಿನಲ್ಲಿ ನೋಡಿ, ಹದಿನೈದು ದಿನ ಯೋಚಿಸಿ ತರಿಸಿಕೊಂಡಿದ್ದೆ. ಕನ್ನಡಿಯಂತೆ ಹೊಳೆಯುವ ಅಲಗು, ನುಣುಪಾದ ಹಿಡಿ, ಚರ್ಮದ ಚೀಲ. ಮರುದಿನ ಅದನ್ನು ಹೆಮ್ಮೆಯಿಂದ ಚಾಚಾನ ಕೈಗಿಟ್ಟೆ. ಅವರು ಅದನ್ನು ನೋಡಲೇ ಇಲ್ಲ. ಹೆಬ್ಬೆರಳಿನಿಂದ ಹಿಡಿಯನ್ನು ಉಜ್ಜಿ, ಬೆವರಿದರೆ ಇದು ಜಾರುತ್ತದೆ ಎಂದು ಪಕ್ಕಕ್ಕಿಟ್ಟರು. ಆಮೇಲೆ ಗೋಡೆಯ ಗೂಟದಿಂದ ಒಂದು ಗೋಣಿತಟ್ಟಿನ ಸುರುಳಿ ಇಳಿಸಿ ನನ್ನ ಮುಂದೆ ಬಿಚ್ಚಿದರು. ಅದರಲ್ಲಿ ಐದು ಚಾಕುಗಳಿದ್ದವು.

"ಕಣ್ಣ ಮುಚ್ಚು ತಂಗಿ. ಒಂದೊಂದಽ ಹಿಡದ ನೋಡು. ಯಾವುದು ಕೈಯಾಗ ಕೂಡ್ರತೈತಿ, ಅದ ನಿಂದು."

ನಾನು ಕಣ್ಣು ಮುಚ್ಚಿದೆ. ಅವರು ಬೇವಿನ ಒಂದು ತುಂಡನ್ನು ನನ್ನ ಎಡಗೈಗೆ ಕೊಟ್ಟರು. ಮೊದಲನೆಯ ಚಾಕು ಭಾರವಾಗಿತ್ತು, ಮೂತಿ ಕೆಳಗೆ ಎಳೆಯುತ್ತಿತ್ತು. ಎರಡನೆಯದರ ಹಿಡಿ ಉದ್ದ, ನನ್ನ ಮುಂಗೈಗೆ ತಾಗುತ್ತಿತ್ತು. ಮೂರನೆಯದೂ ನಾಲ್ಕನೆಯದೂ ಪರವಾಗಿಲ್ಲ ಅನ್ನಿಸಿತು. ಐದನೆಯದು ಗಿಡ್ಡ. ಹಿಡಿ ಬಳಸಿ ಬಳಸಿ ತಗ್ಗುಬಿದ್ದಿತ್ತು, ಆ ತಗ್ಗಿನಲ್ಲಿ ನನ್ನ ಹೆಬ್ಬೆರಳು ತಾನಾಗಿ ಹೋಗಿ ಕೂತಿತು. ಯಾರೋ ನನ್ನ ಕೈಯ ಅಳತೆ ತೆಗೆದು ಮಾಡಿಟ್ಟಂತೆ. ಇದು ಎಂದೆ. ಚಾಚಾ ಅದನ್ನು ಇಸಿದುಕೊಂಡು ಅಲಗಿನ ಬೆನ್ನನ್ನು ಸವರಿ, ಇನ್ನೊಂದು ಸಲ ಸವರಿದರು. ಆಮೇಲೆ, ಆಯಿತು, ಇಟ್ಟುಕೋ ಎಂದರು.

ಈ ಕಥೆಯನ್ನು ನಾನು ಎಷ್ಟು ಜನಕ್ಕೆ ಹೇಳಿದೆನೋ ಲೆಕ್ಕವಿಲ್ಲ. ಡಿಪೋದಲ್ಲಿ ಹೇಳಿದೆ. ದಿನಾ ಬರುವ ಮಾಸ್ತರುಗಳಿಗೆ, ನರ್ಸಮ್ಮನಿಗೆ ಹೇಳಿದೆ. ಇಳಕಲ್ಲಿನಲ್ಲಿ ಗ್ರಾನೈಟ್ ಕೊಯ್ಯುವ ಕಾರ್ಖಾನೆಯಲ್ಲಿ ದುಡಿಯುವ ನನ್ನ ಗಂಡನಿಗಂತೂ ಬಾಯಿಪಾಠವಾಗುವಷ್ಟು ಹೇಳಿದೆ. ನೋಡಿ ಆರಿಸುವುದು ಎಲ್ಲರಿಗೂ ಗೊತ್ತು, ಹತಾರವನ್ನು ಕೈಯಿಂದ ಆರಿಸಬೇಕು ಎಂದು ಕಲಿಸಿದ ದೊಡ್ಡ ಮನುಷ್ಯ ಎಂದು ಹೊಗಳುತ್ತಿದ್ದೆ.

ಹತ್ತು ತಿಂಗಳು ಹೀಗೇ ಹೋಯಿತು. ನಾನು ಸೌಟು ಮಾಡಿದೆ, ಬಾಚಣಿಗೆ ಮಾಡಿದೆ, ಗುಬ್ಬಿಯಂಥದ್ದೊಂದು ಮಾಡಿದೆ. ಚಾಚಾ ಎಲ್ಲವನ್ನೂ ಹೆಬ್ಬೆರಳಿನಿಂದಲೇ ಪರೀಕ್ಷೆ ಮಾಡುತ್ತಿದ್ದರು. ಇಲ್ಲಿ ಉಬ್ಬಿದೆ, ಇಲ್ಲಿ ಅಂಚು ಒಡೆದಿದೆ ಎಂದು ಕರಾರುವಾಕ್ಕಾಗಿ ಹೇಳುತ್ತಿದ್ದರು. ಅಂಗಡಿಯಲ್ಲಿ ಲೈಟು ಹಾಕುತ್ತಿರಲಿಲ್ಲ, ಕರೆಂಟು ಉಳಿಸುತ್ತಾರೆ ಅಂದುಕೊಂಡೆ. ಫೋನು ಬಂದರೆ ಯಾರದು ನೋಡು ತಂಗಿ ಎಂದು ನನ್ನ ಕೈಗೆ ಕೊಡುತ್ತಿದ್ದರು, ಓದು ಬಾರದವರು ಅಂದುಕೊಂಡೆ. ನಾನು ಹೊಸ್ತಿಲು ದಾಟುವ ಮೊದಲೇ ಬಾ ಅನ್ನುತ್ತಿದ್ದರು. ನನ್ನ ಸೊಂಟದ ಚೀಲದ ಚಿಲ್ಲರೆ ಸದ್ದು ಮಾಡುತ್ತಿತ್ತಲ್ಲ. ಜನರ ಮುಖ ನೋಡಿಯೇ ಯಾರು ಎಲ್ಲಿ ಇಳಿಯುತ್ತಾರೆಂದು ಹೇಳಬಲ್ಲೆನೆಂದು ಬೀಗುವವಳು ನಾನು. ದಿನಾ ಒಂದು ತಾಸು ಎದುರಿಗೆ ಕೂತ ಮನುಷ್ಯನ ಮುಖದಲ್ಲಿ ನನಗೆ ಏನೂ ಕಾಣಲಿಲ್ಲ.

ಬೇಸಿಗೆ ಶುರುವಾದ ದಿನಗಳು. ಶಿರೂರಿನ ಒಬ್ಬ ರೈತರ ಮನೆಗೆ ತೊಟ್ಟಿಲು ತಯಾರಾಗುತ್ತಿತ್ತು. ಹೊಸದಾಗಿ ರಂದಾ ಹೊಡೆದು ನಯ ಮಾಡಿದ ತಿಳಿಬಣ್ಣದ ಹಲಗೆ, ಅದರ ಮೇಲೆ ಎರಡು ಗಿಳಿ. ಗಿಳಿಯ ಸುತ್ತಲಿನ ಜಾಗವನ್ನು ತಗ್ಗು ಮಾಡುವ ಕೆಲಸವನ್ನು ಚಾಚಾ ಮೊದಲ ಸಲ ನನಗೆ ಕೊಟ್ಟಿದ್ದರು. ಗಿರಾಕಿಯ ಮಾಲಿಗೆ ನನ್ನ ಕೈ ಹತ್ತುತ್ತಿದೆ ಎಂಬ ಹೆದರಿಕೆಯಲ್ಲಿ ಉಸಿರು ಹಿಡಿದು ಕೆಲಸ ಮಾಡುತ್ತಿದ್ದೆ. ಕೊಕ್ಕಿನ ಹತ್ತಿರ ಒಂದು ಗಂಟು ಬಂತು. ಜೋರು ಹಾಕಿದೆ. ಚಾಕು ಗಂಟನ್ನು ಬಿಟ್ಟು ಹಾರಿ ನನ್ನ ಎಡಗೈ ಹೆಬ್ಬೆರಳಿನ ಬುಡಕ್ಕೆ ಇಳಿಯಿತು.

ಕೂಗಲಿಲ್ಲ. ನೋವು ಆಮೇಲೆ ಬಂತು, ಮೊದಲು ಬಂದದ್ದು ರಕ್ತ. ಗಿಳಿಯ ಮೇಲೆ, ಎಲೆಯ ಮೇಲೆ, ತಿಳಿ ಹಲಗೆಯ ತುಂಬ ಕೆಂಪು ಹರಿಯಿತು. ನಾನು ಕೈಯನ್ನು ವಸ್ತ್ರದಿಂದ ಒತ್ತಿ ಹಿಡಿದು, ಕೆಟ್ಟುಹೋಯಿತು, ಶಿರೂರಿನವರ ಹಲಗೆ ಕೆಟ್ಟುಹೋಯಿತು ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತ ಚಾಚಾನ ಮುಖ ನೋಡುತ್ತ ಕೂತೆ. ಬೈಗುಳ ಬರಲಿ ಎಂದು ಕಾಯುತ್ತಿದ್ದೆ. ಅವರು ಮುಗಿಯಿತೇನು, ಇಲ್ಲಿ ಕೊಡು ಎಂದು ಕೈ ಚಾಚಿ ಹಲಗೆಯನ್ನು ಎಳೆದುಕೊಂಡರು. ಅಂಗೈಯನ್ನು ಪೂರ್ತಿ ಅದರ ಮೇಲೆ ಆಡಿಸಿದರು.

"ಭಾಳ ಛಲೋ ಆಗೇತಿ," ಎಂದರು. "ನೀರ ಯಾಕ ಹಾಕಿದಿ? ಕಟ್ಟಿಗಿಗಿ ನೀರ ಹಾಕಬಾರದು ತಂಗಿ."

ಆ ಕೈಯನ್ನೇ ಬಿಳಿ ಅಂಗಿಗೆ ಒರೆಸಿಕೊಂಡರು. ಎದೆಯ ಮೇಲೆ ಐದು ಕೆಂಪು ಬೆರಳು ಮೂಡಿದವು. ಆಮೇಲೆ ಹಣೆಯ ಬೆವರು ಒರೆಸಿಕೊಂಡರು. ಹಣೆಯೂ ಕೆಂಪಾಯಿತು. ಅವರು ನನ್ನ ಕಡೆ ತಿರುಗಿ ನಗುತ್ತಿದ್ದರು.

ಬಸ್ಸಿನಲ್ಲಿ ಜನ ಹೊಡೆದಾಡಿದ್ದು ನೋಡಿದ್ದೇನೆ, ಅಪಘಾತ ನೋಡಿದ್ದೇನೆ, ಒಬ್ಬ ತಾಯಿ ಸೀಟಿನಲ್ಲೇ ಹೆತ್ತದ್ದೂ ಉಂಟು. ಯಾವತ್ತೂ ನನ್ನ ಕೈಕಾಲು ಹೀಗೆ ನಿಂತುಹೋಗಿರಲಿಲ್ಲ. ಕೊನೆಗೆ ಹೇಗೋ ಹೇಳಿದೆ.

"ಚಾಚಾ, ಅದು ನೀರಲ್ರಿ. ರಕ್ತ."

ಅವರ ನಗು ಹಾಗೇ ಉಳಿದು, ನಿಧಾನವಾಗಿ ಇಳಿಯಿತು. ಬೆರಳನ್ನು ಮೂಗಿನ ಹತ್ತಿರ ಒಯ್ದರು. ನಿನ್ನ ಕೈಯೇ, ಎಷ್ಟು ಆಳ ಕೊಯ್ದಿದೆ ಎಂದು ಕೇಳಿದರು. ನಾನು ಉತ್ತರ ಕೊಡದೆ, ನಿಮಗೆ ಕಾಣುವುದಿಲ್ಲವೇ ಎಂದು ಕೇಳಿದೆ. ಅವರು ಒಳಗಿನ ಬಾಗಿಲ ಕಡೆ ಕಿವಿಗೊಟ್ಟು, ಚಾಚಿ ಹತ್ತಿರವಿಲ್ಲ ಎಂದು ಖಾತ್ರಿ ಮಾಡಿಕೊಂಡು, ಸಣ್ಣ ದನಿಯಲ್ಲಿ ಹೇಳಿದರು. ಎಡಗಣ್ಣಿಗೆ ಈಗ ಬೆಳಕೂ ಇಲ್ಲ. ಬಲಗಣ್ಣಿಗೆ ಹಾಲಿನೊಳಗಿಂದ ನೋಡಿದ ಹಾಗೆ, ಬಾಗಿಲಲ್ಲಿ ಯಾರೋ ನಿಂತರೆ ನೆರಳು ಕಾಣುತ್ತದೆ. ಎರಡು ವರ್ಷವಾಯಿತು. ಅಪ್ಪನಿಗೂ ವಯಸ್ಸಾದ ಮೇಲೆ ಹೀಗೇ ಆಗಿತ್ತು, ಮನೆತನದಲ್ಲಿ ಬಂದದ್ದು, ಇದಕ್ಕೆ ಮದ್ದಿಲ್ಲ. ಯಾರಿಗೂ ಹೇಳಬೇಡ, ಅದರಲ್ಲೂ ನಿನ್ನ ಚಾಚಿಗೆ ಹೇಳಬೇಡ.

ಆಗ ನನ್ನ ಬಾಯಿಂದ ಬಂದ ಮಾತು ನೆನೆಸಿಕೊಂಡರೆ ಇವತ್ತಿಗೂ ನಾಚಿಕೆಯಾಗುತ್ತದೆ. ಅವರ ಕಣ್ಣಿನ ಬಗ್ಗೆ ಕೇಳಬೇಕಾದವಳು ನನ್ನ ಚಾಕುವಿನ ಬಗ್ಗೆ ಕೇಳಿದೆ. ಹಾಗಾದರೆ ಅವತ್ತು ಕಣ್ಣು ಮುಚ್ಚು ಅಂದದ್ದು ಯಾಕೆ?

"ನೀ ಕಣ್ಣ ತಗದು ಆರಿಸಿದ್ದರ, ಚಾಚಾ ಈ ಕರೀದು ಹೆಂಗ, ಆ ಕೆಂಪು ಹಿಡೀದು ಹೆಂಗ ಅಂತ ಕೇಳ್ತಿದ್ದಿ. ನಾ ಏನ ಹೇಳಬೇಕಿತ್ತು?"

ನಾನು ಊರೆಲ್ಲ ಸಾರಿದ ವಿದ್ಯೆ ಅಷ್ಟೇ ಆಗಿತ್ತು. ಡ್ರೈವರ್ ಹಾರ್ನ್ ಹೊಡೆಯತೊಡಗಿದ. ಚಾಚಾನ ಹಣೆಯನ್ನು ನನ್ನ ವಸ್ತ್ರದ ತುದಿಯಿಂದ ಒರೆಸಿ, ಅಂಗಿ ಬದಲಿಸಿಕೊಳ್ಳಿ ಎಂದು ಹೇಳಿ ಓಡಿದೆ. ಅವತ್ತು ಗುಳೇದಗುಡ್ಡದವರಿಗೆ ಅಮೀನಗಡದ ಟಿಕೆಟ್ ಕೊಟ್ಟೆ, ಒಬ್ಬರಿಗೆ ಎರಡು ಸಲ ಕೊಟ್ಟೆ. ಹುನಗುಂದದಲ್ಲಿ ದವಾಖಾನೆಗೆ ಹೋಗಿ ನಾಲ್ಕು ಹೊಲಿಗೆ ಹಾಕಿಸಿಕೊಂಡೆ. ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದೆ. ಅವನು, ಅವರು ಬೇಡ ಅಂದರೂ ಚಾಚಿಗೆ ಹೇಳಬೇಕು, ಚೂಪಾದ ಉಳಿ ಹಿಡಿಯುವ ಕೆಲಸ, ನಾಳೆ ಬೆರಳೇ ಹೋದೀತು ಎಂದ.

ಐದು ದಿನ ತಡೆದೆ. ಆರನೆಯ ದಿನ ಅಂಗಡಿಗೆ ಹೋಗದೆ ಹಿತ್ತಿಲ ಬಾಗಿಲಿನಿಂದ ಚಾಚಿಯ ಹತ್ತಿರ ಹೋದೆ. ಆಕೆ ಜೋಳ ಹಸನು ಮಾಡುತ್ತಿದ್ದಳು. ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು, ಏನೇನೋ ಪೀಠಿಕೆ ಹಾಕಿ, ಕೊನೆಗೆ ವಿಷಯ ಹೇಳಿದೆ. ಆಕೆ ಅಳುತ್ತಾಳೆ, ಮೊರದ ಜೋಳ ಚೆಲ್ಲುತ್ತಾಳೆ ಎಂದು ನಾನು ತಯಾರಾಗಿದ್ದೆ. ಆಕೆ ಮೊರವನ್ನು ಕೆಳಗಿಟ್ಟು ಒಳಗೆ ಹೋಗಿ, ಗೋಣಿಚೀಲ ಹೊಲಿಯುವ ದಬ್ಬಣವೊಂದನ್ನು ತಂದು ನನ್ನ ಮುಂದೆ ಇಟ್ಟಳು.

"ನನಗ ಗೊತ್ತೈತಿ," ಎಂದಳು. "ಎರಡ ವರ್ಷ ಆತು."

ಆಮೇಲೆ ಆಕೆ ಹೇಳಿದ್ದು ಇದು. ಚಾಚಾ ಹಲಗೆಯ ಮೇಲೆ ಪೆನ್ಸಿಲಿನಿಂದ ನಕ್ಷೆ ತಾವೇ ಬಿಡಿಸುತ್ತಿದ್ದರು. ಒಂದು ದಿನ ಬೆನ್ನು ನೋವು, ಬಗ್ಗಲಾಗುವುದಿಲ್ಲ, ನೀನೇ ಬಿಡಿಸು ಎಂದು ಆಕೆಗೆ ಕೊಟ್ಟರು. ಬಿಡಿಸಿದಳು. ಅವರು ಗೆರೆ ಒಂದು ಕಡೆ ಇದ್ದರೆ ಉಳಿಯನ್ನು ಇನ್ನೊಂದು ಕಡೆ ಇಟ್ಟರು. ಆಗಲೇ ಆಕೆಗೆ ತಿಳಿಯಿತು. ಮರುದಿನದಿಂದ ಪೆನ್ಸಿಲ್ ಗೆರೆಯ ಮೇಲೆ ದಬ್ಬಣದಿಂದ ಇನ್ನೊಂದು ಸಲ ಒತ್ತಿ ತಿದ್ದತೊಡಗಿದಳು, ಬೆರಳಿಗೆ ಸಿಗುವ ಹಾಗೆ. ಅವರು, ನಿನ್ನ ಕೈ ಭಾರ, ಪೆನ್ಸಿಲ್ ಬಹಳ ಒತ್ತುತ್ತೀ ಎಂದು ಬೈದರು. ಈಕೆ ಬೈಸಿಕೊಂಡು ಸುಮ್ಮನಾದಳು.

ಯಾಕೆ ಕೇಳಲಿಲ್ಲ ಎಂದರೆ, ಕೇಳಿದರೆ ಅವರು ಕೆಲಸ ಬಿಡುತ್ತಿದ್ದರು, ಕೆಲಸ ಬಿಟ್ಟರೆ ಹಾಸಿಗೆ ಹಿಡಿಯುತ್ತಿದ್ದರು ಎಂದಳು. ಡಾಕ್ಟರಿಗೆ ತೋರಿಸಿದ್ದೀರಾ ಎಂದರೆ, ಮಾವನವರಿಗೂ ಹೀಗೇ ಆಗಿತ್ತಲ್ಲ ಎಂದಳು. ಅದೇ ಮಾತು. ಒಂದೇ ಮನೆಯಲ್ಲಿ, ಒಂದೇ ತಾಟಿನಲ್ಲಿ ಉಣ್ಣುವ ಇಬ್ಬರು, ಒಂದೇ ಸಂಗತಿಯನ್ನು ಎರಡು ವರ್ಷ ಒಬ್ಬರಿಂದೊಬ್ಬರು ಮುಚ್ಚಿಟ್ಟಿದ್ದರು. ನನಗೆ ಸಿಟ್ಟು ಬಂತು. ನಿಲ್ಲುವ ಜಾಗವಿಲ್ಲದ ಬಸ್ಸಿನಲ್ಲಿ ಹಿಂದಿನ ಸೀಟಿನವರೆಗೂ ಕೇಳಿಸುವ ದನಿ ನನ್ನದು. ಆಕೆಯ ಕೈ ಹಿಡಿದು ಅಂಗಡಿಗೆ ಎಳೆದುಕೊಂಡು ಹೋಗಿ, ಚಾಚಾನ ಎದುರಿಗೆ ನಿಲ್ಲಿಸಿ, ಆ ದನಿಯಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ. ಚಾಚಾ ಉಳಿಯನ್ನು ಕೆಳಗಿಟ್ಟರು. ಆಮೇಲೆ, ನಾನು ಕೈಯಲ್ಲೇ ಹಿಡಿದು ತಂದಿದ್ದ ಆ ದಬ್ಬಣವನ್ನು ಕೇಳಿ ಇಸಿದುಕೊಂಡು, ಅದರ ಮೊನೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು.

ನನ್ನ ವಾರದ ರಜೆಯ ದಿನ ಮೂವರೂ ಬಾಗಲಕೋಟೆಗೆ ಹೋದೆವು, ಒಂದು ಕಣ್ಣಿನ ದವಾಖಾನೆಗೆ. ಡಾಕ್ಟರ್ ವಯಸ್ಸಿನಲ್ಲಿ ಸಣ್ಣ ಹೆಣ್ಣುಮಗಳು. ತಾಸುಗಟ್ಟಲೆ ಪರೀಕ್ಷೆ ಮಾಡಿ ನಮ್ಮನ್ನು ಒಳಗೆ ಕರೆದಳು. ಬಲಗಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಮಾಡಿದರೆ ಕಾಣುತ್ತದೆ ಎಂದಳು. ನಾನು ಉಸಿರು ಬಿಟ್ಟೆ. ಆಕೆಯ ಮಾತು ಮುಗಿದಿರಲಿಲ್ಲ. ಎಡಗಣ್ಣಿನದು ಪೊರೆಯಲ್ಲ. ಕಣ್ಣಿನೊಳಗೆ ಒತ್ತಡ ಏರಿ ನರ ಸತ್ತುಹೋಗಿದೆ, ಅದು ತಿರುಗಿ ಬರುವುದಿಲ್ಲ. ಶುರುವಾದಾಗಲೇ, ಎರಡು ವರ್ಷದ ಹಿಂದೆ ಬಂದಿದ್ದರೆ ಹನಿ ಹಾಕಿಯೇ ಉಳಿಸಬಹುದಿತ್ತು ಎಂದಳು.

ಆ ಎರಡು ವರ್ಷದ ಮಾತನ್ನು ಆಕೆ ಕಾಗದದ ಮೇಲೆ ಬರೆಯುತ್ತ, ತಲೆ ತಗ್ಗಿಸಿಕೊಂಡೇ ಹೇಳಿದಳು. ನಾನು ಚಾಚಿಯ ಕಡೆ ನೋಡಲಾರದೆ ಹೋದೆ. ಹೊರಗೆ ಬಂದ ಮೇಲೆ ಆಕೆ ದವಾಖಾನೆಯ ಮೆಟ್ಟಿಲ ಮೇಲೆ ಕುಸಿದು ಕೂತಳು. ಅಳಲಿಲ್ಲ. ತನ್ನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದಳು, ಬೇರೆ ಯಾರದೋ ಕೈ ಎಂಬಂತೆ.

"ನಾ ಏನ ಮಾಡಿದೆ," ಎಂದಳು. "ಎರಡ ವರ್ಷ ನಾ ಏನ ಮಾಡಿದೆ."

ಚಾಚಾ ತಡಕಾಡಿ ಆಕೆಯ ಪಕ್ಕ ಕೂತರು. ಮುಚ್ಚಿಟ್ಟವನು ನಾನು, ನೀನಲ್ಲ ಎಂದರು. ಹತ್ತು ತಿಂಗಳು ಎದುರಿಗೆ ಕೂತು ಅವರ ಕುರುಡನ್ನು ನಾನು ಜಾಣತನವೆಂದು ಹೊಗಳಿದ್ದೆ. ಹೊಗಳಿದ್ದಕ್ಕೇ ಅವರಿಗೆ ಮುಚ್ಚಿಡುವುದು ಇನ್ನಷ್ಟು ಸುಲಭವಾಗಿತ್ತೇನೋ.

ಬಲಗಣ್ಣಿನ ಆಪರೇಷನ್ ಚೆನ್ನಾಗಿ ಆಯಿತು. ಕೆಲಸಕ್ಕೆ ಕೂಡಬಹುದು ಎಂದು ಡಾಕ್ಟರ್ ಹೇಳಿದ ದಿನ ನಾನು ಅಂಗಡಿಯಲ್ಲಿದ್ದೆ. ಚಾಚಾ ಮೊದಲು ಲೈಟು ಹಾಕಿದರು. ಆಮೇಲೆ ಗೋಡೆಗೆ ಆನಿಸಿಟ್ಟ ಹಲಗೆಗಳನ್ನು ಒಂದೊಂದಾಗಿ ತಿರುಗಿಸಿ ನೋಡತೊಡಗಿದರು. ತಾವು ಎರಡು ವರ್ಷದಲ್ಲಿ ಮಾಡಿದ್ದನ್ನು ಅವರು ನೋಡುತ್ತಿದ್ದದ್ದು ಅದೇ ಮೊದಲು. ಒಂದು ಗಿಳಿಯ ಹಲಗೆಯ ಮುಂದೆ ನಿಂತುಬಿಟ್ಟರು. ಇದನ್ನು ಕೆತ್ತಿದವರು ಯಾರು ಎಂದು ಕೇಳಿದರು. ನೀವೇ ಎಂದೆ. ತಲೆ ಅಲ್ಲಾಡಿಸಿದರು. ಅವರ ಮನೆತನದ ಗಿಳಿಗಳು ಯಾವಾಗಲೂ ಮುಂದೆ ನೋಡುತ್ತವಂತೆ. ಈ ಗಿಳಿ ಕುತ್ತಿಗೆ ಹೊರಳಿಸಿ ಹಿಂದೆ ನೋಡುತ್ತಿತ್ತು. ಕಾಲಿನ ಹತ್ತಿರ, ಅವರು ಯಾವತ್ತೂ ಹಾಕದ ಸಣ್ಣ ಹತ್ತಿ ಹೂವು. ಚಾಚಿ ತನ್ನ ಮನಸ್ಸಿಗೆ ಬಂದ ಹಾಗೆ ಬಿಡಿಸಿದ್ದಳು. ಅವರ ಬೆರಳು ಆ ಗೆರೆಯ ಹಿಂದೆ ಹೋಗಿತ್ತು. ಒಂದೊಂದೇ ಗೆರೆ ಹಿಡಿದು, ಇಡೀ ಚಿತ್ರ ಏನೆಂದು ಗೊತ್ತಿಲ್ಲದೆ ಅವರು ಎರಡು ವರ್ಷ ಹೆಂಡತಿಯ ಗಿಳಿಗಳನ್ನು ಕೆತ್ತಿ ಊರೂರಿಗೆ ಕಳಿಸಿದ್ದರು. ಚಾಚಿಯನ್ನು ಹೊರಗೆ ಕರೆದು, ಇದನ್ನು ಯಾವಾಗ ಕಲಿತೆ ಎಂದು ಕೇಳಿದರು. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಆಮೇಲೆ ಅವರ ದೃಷ್ಟಿ ನನ್ನ ಕೈಗೆ ಬಂತು. ಚಾಕುವನ್ನು ಇಸಿದುಕೊಂಡು ಬೆಳಕಿಗೆ ಹಿಡಿದರು. ಅವತ್ತು ಸವರಿದಾಗಲೇ ತನಗೆ ಗೊತ್ತಾಗಿತ್ತು ಎಂದರು. ಅದು ಕೆತ್ತುವ ಚಾಕುವೇ ಅಲ್ಲ. ಹಲಗೆ ಅಂಟಿಸುವಾಗ ಸೋರಿ ಒಣಗಿದ ಸರೇಸು ಕೆರೆಯಲು ಅವರ ಅಪ್ಪ ಮುರಿದ ಗರಗಸದ ತುಂಡಿನಿಂದ ಮಾಡಿಕೊಂಡದ್ದು. ಮೊನೆ ದಪ್ಪ, ಜೋರು ಹಾಕದೆ ಕಟ್ಟಿಗೆಯೊಳಗೆ ಹೋಗುವುದಿಲ್ಲ. ಇವಳಿಗೆ ಏನೂ ತಿಳಿಯದು, ನಾಲ್ಕು ದಿನ ಆಡಿ ಬಿಡುತ್ತಾಳೆ ಎಂದು ಸುಮ್ಮನಿದ್ದರಂತೆ. ನನ್ನ ಅಂಗೈಯ ಹೊಲಿಗೆಯ ಗುರುತನ್ನು ನೋಡಿ, ಅದು ನನ್ನ ತಪ್ಪು ಎಂದರು. ನಾನು ದಿಗ್ಭ್ರಮೆಯಿಂದ ಸರೇಸು ಕೆರೆಯುವ ಆ ತುಂಡನ್ನು ನೋಡಿದೆ. ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗುವುದೊಂದು ಬಾಕಿಯಿತ್ತು, ಅಷ್ಟು ಅಚ್ಚುಮೆಚ್ಚಿನದಾಗಿತ್ತು ನನಗೆ.

ಈ ಸಲ ಕಣ್ಣು ತೆರೆದು ಆರಿಸಿದೆ. ಅದಕ್ಕೆ ಹೆಚ್ಚುಕಡಿಮೆ ಒಂದು ತಿಂಗಳು ಹಿಡಿಯಿತು. ಅಲಗನ್ನು ಬೆಳಕಿಗೆ ಹಿಡಿದು ಅಂಚು ಎಲ್ಲಿ ಮೊಂಡಾಗಿ ಮಿನುಗುತ್ತದೆ ನೋಡುವುದನ್ನು ಕಲಿತೆ. ಅಲಗು ಹೆಬ್ಬೆರಳಿಗಿಂತ ಉದ್ದವಿರಬಾರದು, ಹಿಡಿ ಅಂಗೈ ದಾಟಿ ಸ್ವಲ್ಪವೇ ಹೊರಗಿರಬೇಕು, ಸಾಣೆಗೆ ಹಿಡಿದಾಗ ಅಂಚು ಬೇಗ ಬರಬೇಕು, ಬಂದದ್ದು ಬೇಗ ಹೋಗಬಾರದು. ಬೇವಿಗೆ ಒಂದು ದಿನ, ಸಾಗವಾನಿಗೆ ಒಂದು ದಿನ, ಅಡ್ಡ ಎಳೆಗೆ, ಉದ್ದ ಎಳೆಗೆ, ಎಲ್ಲಕ್ಕೂ ಹಚ್ಚಿ ನೋಡಿದೆ. ಕೊನೆಗೆ ನಿಂತದ್ದು ಅವತ್ತು ಪರವಾಗಿಲ್ಲ ಅಂದುಕೊಂಡು ಕೆಳಗಿಟ್ಟಿದ್ದ ಮೂರನೆಯ ಚಾಕು. ಹುಣಸೆಯ ಹಿಡಿ, ತೆಳ್ಳಗಿನ ಮೊನೆ. ಕೈಗೆ ಅದು ತಾನಾಗಿ ಬಂದು ಕೂಡಲಿಲ್ಲ, ನನ್ನ ಕೈಯೇ ಅದಕ್ಕೆ ಹೊಂದಿಕೊಂಡಿತು. ಈಗ ಬೇರೆಯದನ್ನು ಮುಟ್ಟಲು ಮನಸ್ಸು ಬರುವುದಿಲ್ಲ.

ಒತ್ತಡ ಬಲಗಣ್ಣಿಗೂ ಏರಬಹುದು ಎಂದು ಡಾಕ್ಟರ್ ಎಚ್ಚರಿಸಿದ್ದಾಳೆ. ಹಾಗಾಗಿ ಬೆಳಿಗ್ಗೆ, ಸಂಜೆ ಚಾಚಿ ಅವರ ತಲೆಯನ್ನು ತೊಡೆಗೆ ಒರಗಿಸಿಕೊಂಡು ಹನಿ ಹಾಕುತ್ತಾಳೆ. ಉರಿಯುತ್ತದೆ ಎಂದು ಅವರು ಬೈಯುತ್ತಾರೆ, ಆಕೆಯೂ ತಿರುಗಿ ಬೈಯುತ್ತಾಳೆ. ಮೊದಲು ಅಷ್ಟು ಸದ್ದಿರದಿದ್ದ ಮನೆ. ನಕ್ಷೆಯನ್ನು ಈಗಲೂ ಆಕೆಯೇ ಬಿಡಿಸುತ್ತಾಳೆ. ಆ ಕೆಲಸವನ್ನು ಅವರೇ ಆಕೆಗೆ ಕೊಟ್ಟುಬಿಟ್ಟಿದ್ದಾರೆ.

ಹೋದ ತಿಂಗಳು ನನ್ನ ಗಂಡನನ್ನು ಅದೇ ದವಾಖಾನೆಗೆ ಕರೆದುಕೊಂಡು ಹೋದೆ. ವರ್ಷಗಟ್ಟಲೆ ಕಲ್ಲಿನ ಧೂಳಿನಲ್ಲಿ ದುಡಿಯುವವನು, ಒಂದು ಸಲವೂ ತೋರಿಸಿರಲಿಲ್ಲ. ನಾನೂ ತೋರಿಸಿಕೊಂಡೆ. ಇಬ್ಬರಿಗೂ ಏನಿಲ್ಲ, ನನಗೆ ಓದುವ ಕನ್ನಡಕ ಮಾತ್ರ ಬಂತು. ಕಣ್ಣಿನ ಪಾಪೆ ಅರಳಲಿ ಎಂದು ಹಾಕಿದ ಹನಿ ಇಳಿಯಲು ನಾಲ್ಕೈದು ತಾಸು ಬೇಕು, ಗಾಬರಿಯಾಗಬೇಡಿ ಎಂದು ಕಳಿಸಿದರು. ಬಾಗಲಕೋಟೆಯ ಬಸ್ ನಿಲ್ದಾಣದ ಬೆಂಚಿನ ಮೇಲೆ ಮಧ್ಯಾಹ್ನದ ಬಿಸಿಲಿನಲ್ಲಿ ಇಬ್ಬರೂ ಕೂತೆವು. ಬಸ್ಸುಗಳ ಬೋರ್ಡು ಬಿಳಿ ಉರಿಯಾಗಿ ಕಾಣುತ್ತಿತ್ತು. ನನ್ನ ಅಂಗೈಯನ್ನು ಮುಖದ ಹತ್ತಿರ ತಂದೆ. ಅದರಲ್ಲಿ ಒಂದು ಗೆರೆಯೂ ಇರಲಿಲ್ಲ. ಇಷ್ಟೇ ಕಣ್ಣು ಇಟ್ಟುಕೊಂಡು ಚಾಚಾ ಎರಡು ವರ್ಷ ಉಳಿಯ ಬಾಯಿಗೆ ಬೆರಳು ಕೊಟ್ಟು ಕೂತಿದ್ದರು ಎಂದು ಅರ್ಥವಾದದ್ದು ಅಲ್ಲಿ. ನಮ್ಮ ಬಸ್ಸು ಯಾವುದು ಎಂದು ಗಂಡ ಕೇಳಿದ. ನನಗೂ ಕಾಣಲಿಲ್ಲ. ಎದ್ದು ಹೋಗಿ ಒಬ್ಬರನ್ನು ಕೇಳಿಕೊಂಡು ಬಂದೆ.